ಕಚೇರಿ ಕರೆಂಟ್ ಬಿಲ್‌ನಲ್ಲಿ ಬಿಸಿಲಿನ ಪಾಲೆಷ್ಟು? ಲೆಕ್ಕ ಹಾಕುವುದು ಹೀಗೆ

ಕಲಬುರಗಿ ಕಡೆಯ ಸರ್ಕಾರಿ ಕಚೇರಿಯಲ್ಲಿ ಏಪ್ರಿಲ್ ಬಿಲ್ ಜಾಸ್ತಿ ಬಂತು ಅಂದುಕೊಳ್ಳಿ. ಏರಿದ್ದು ಬಿಸಿಲಿಂದಲೋ, ಕೆಟ್ಟ ಎಸಿಯಿಂದಲೋ? ಎಕ್ಸೆಲ್ ಬಲ್ಲ ಒಬ್ಬ ಎಫ್‌ಡಿಎ ಇದ್ದರೆ ಸಾಕು, ಇದನ್ನು ಕಂಡುಹಿಡಿಯಬಹುದು.

ಮೊದಲು ಎರಡು ವರ್ಷದ ಬಿಲ್ ಹೊಂದಿಸಿಕೊಳ್ಳಿ. ಒಂದೇ ಆವರಣದಲ್ಲಿ ಎರಡು ಮೂರು ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ಸಂಖ್ಯೆ) ಇರುವುದುಂಟು, ಎಲ್ಲ ಕೂಡಿಸಿ. ದರ ಬದಲಾಗುತ್ತಿರುತ್ತದೆ, ಹಾಗಾಗಿ ರೂಪಾಯಿ ಬಿಟ್ಟು ಯೂನಿಟ್ ನೋಡಿ. ಮೀಟರ್ ಓದಿದ ದಿನಾಂಕವನ್ನೂ ಬರೆದುಕೊಳ್ಳಿ.

ಆಮೇಲೆ ಹವಾಮಾನ. ನಾಸಾದ ‘ಪವರ್’ ಜಾಲತಾಣದಲ್ಲಿ 1981ರಿಂದ ಈಚಿನ ದಿನದ ಸರಾಸರಿ ತಾಪಮಾನ ಪುಕ್ಕಟೆ ಸಿಗುತ್ತದೆ. ಊರಿನ ಅಕ್ಷಾಂಶ, ರೇಖಾಂಶ ಕೊಟ್ಟರೆ ಆಯಿತು. ಆದರೆ ಅದು ಸುಮಾರು 50 ಕಿ.ಮೀ. ಉದ್ದಗಲದ ಚೌಕಕ್ಕೆಲ್ಲ ಒಂದೇ ಅಂಕಿ. ಬಯಲುಸೀಮೆಗೆ ಅಡ್ಡಿಯಿಲ್ಲ. ಮಡಿಕೇರಿಯಂಥ ಗುಡ್ಡದ ಊರಿನವರು ಹವಾಮಾನ ಇಲಾಖೆಯ ಹತ್ತಿರದ ಕೇಂದ್ರದ ಅಂಕಿಯನ್ನೇ ಹಿಡಿಯುವುದು ಒಳ್ಳೆಯದು.

ಈಗ ಮುಖ್ಯ ಲೆಕ್ಕ: ಕೂಲಿಂಗ್ ಡಿಗ್ರಿ ಡೇ, ಅಂದರೆ ದಿನದ ಸರಾಸರಿ ತಾಪಮಾನ ಒಂದು ಮಿತಿಗಿಂತ ಎಷ್ಟು ಡಿಗ್ರಿ ಮೇಲಿತ್ತು ಅನ್ನುವ ಲೆಕ್ಕ. 24 ಡಿಗ್ರಿ ದಾಟಿದರೆ ಕಚೇರಿಗೆ ತಂಪು ಬೇಕು ಅಂತ ಇಟ್ಟುಕೊಳ್ಳೋಣ. ದಿನದ ಸರಾಸರಿ 34 ಇದ್ದರೆ ಆ ದಿನದ ಲೆಕ್ಕ 10. ಸರಾಸರಿ 23 ಇದ್ದರೆ ಸೊನ್ನೆ, ಮೈನಸ್ ಹಾಕಬೇಡಿ. ಒಂದು ರೀಡಿಂಗ್‌ನಿಂದ ಮುಂದಿನ ರೀಡಿಂಗ್‌ವರೆಗಿನ ದಿನಗಳನ್ನು ಮಾತ್ರ ಕೂಡಿಸಿ. ಒಂದರಿಂದ ಮೂವತ್ತರವರೆಗೆ ಅಂತ ಸುಮ್ನೆ ಕೂಡಿಸಿದರೆ ಲೆಕ್ಕ ಕೆಟ್ಟಿತು.

ಗ್ರಾಫ್‌ನಲ್ಲಿ ಅಡ್ಡಕ್ಕೆ ಡಿಗ್ರಿ ಡೇ, ಉದ್ದಕ್ಕೆ ಯೂನಿಟ್ ಇಟ್ಟು ಚುಕ್ಕಿ ಹಾಕಿ, ನಡುವೆ ಗೆರೆ ಎಳೆಸಿ. ಉದಾಹರಣೆಗೆ, ಗೆರೆ 2,000 ಯೂನಿಟ್‌ನಿಂದ ಶುರುವಾಗಿ ಪ್ರತಿ ಡಿಗ್ರಿ ಡೇಗೆ 5 ಯೂನಿಟ್ ಏರುತ್ತದೆ ಅನ್ನಿ. ಆ 2,000 ಅಂದರೆ ದೀಪ, ಕಂಪ್ಯೂಟರ್, ನೀರಿನ ಮೋಟರ್. ಉಳಿದದ್ದು ಸೆಕೆಯ ಖರ್ಚು. ಗೆರೆಗಿಂತ ತುಂಬಾ ಮೇಲೆ ಕೂತ ಚುಕ್ಕಿಯ ತಿಂಗಳು ಏನಾಯಿತು ಅಂತ ವಿಚಾರಿಸಿ: ಚುನಾವಣೆ ಕೆಲಸವೋ, ಗ್ಯಾಸ್ ಸೋರಿದ ಎಸಿಯೋ? ಚುಕ್ಕಿಗಳು ಗೆರೆಗೇ ಸಿಗದೆ ಚೆಲ್ಲಾಪಿಲ್ಲಿ ಬಿದ್ದಿದ್ದರೆ, ಮಳೆಗಾಲದಲ್ಲೂ ಎಸಿ ಓಡುತ್ತಿದೆಯಾ ನೋಡಿ. ನನ್ನ ಪ್ರಕಾರ ಇಡೀ ಕೆಲಸದ ಫಲ ಇರುವುದು ಈ ಗ್ರಾಫ್‌ನಲ್ಲೇ.

ಒಂದು ತೊಡಕಿದೆ. ಕಲಬುರಗಿ ವಿಭಾಗದಲ್ಲಿ ಬೇಸಿಗೆ ಆದೇಶ ಬಂದಾಗ ಏಪ್ರಿಲ್, ಮೇನಲ್ಲಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಸುಡುವ ಮಧ್ಯಾಹ್ನ ಕಚೇರಿ ಮುಚ್ಚಿದ್ದರೂ ದಿನದ ಸರಾಸರಿಯಲ್ಲಿ ಆ ಬಿಸಿಲು ಸೇರಿರುತ್ತದಲ್ವಾ? ಆ ಎರಡು ತಿಂಗಳ ಚುಕ್ಕಿಗೆ ಬೇರೆ ಬಣ್ಣ ಕೊಡಿ. ಅದೇ ತಾಣದಲ್ಲಿ ಗಂಟೆವಾರು ತಾಪಮಾನವೂ ಸಿಗುತ್ತದೆ, ಬಳಸಿದರೆ ಇನ್ನೂ ಚೆನ್ನ.

ಚಾವಣಿಗೆ ಬಿಳಿ ಬಣ್ಣ ಬಳಿಸಿದಿರೋ, ಎಸಿ 24ಕ್ಕೆ ಏರಿಸಿದಿರೋ, ಫಲ ನೋಡುವುದೂ ಇದೇ ಗೆರೆಯಿಂದ. ಮುಂದಿನ ಏಪ್ರಿಲ್‌ನಲ್ಲಿ 300 ಡಿಗ್ರಿ ಡೇ ಬಂದರೆ ಗೆರೆ ಹೇಳುವುದು 3,500 ಯೂನಿಟ್. ಬಿಲ್‌ನಲ್ಲಿ 3,200 ಇದ್ದರೆ 300 ಯೂನಿಟ್ ಉಳಿಯಿತು. ಹಿಂದಿನ ಏಪ್ರಿಲ್‌ನಲ್ಲಿ ಸೆಕೆ ಕಡಿಮೆಯಿದ್ದು 3,000 ಬಂದಿದ್ದರೂ ಸರಿ, ಇದು ಉಳಿತಾಯವೇ.