ಸರ್ವ್ ಸ್ವೀಕಾರದ ಮೇಲೆ ನಿಂತ ಒಂದು ಋತು

ಕಾಲೇಜಿನ ಪುರುಷರ ವಾಲಿಬಾಲ್ ತಂಡಕ್ಕೆ ತರಬೇತಿ ನೀಡುವವರಿಗೆ ಪ್ರತಿ ವರ್ಷವೂ ಹೆಚ್ಚುಕಡಿಮೆ ಹೊಸ ತಂಡವೇ ಸಿಗುತ್ತದೆ. ಅಂತಿಮ ವರ್ಷದವರು ಪದವಿ ಮುಗಿಸಿ ಹೊರಟಾಗ ಅವರೊಡನೆ ಬ್ಲಾಕ್‌ನ ಎತ್ತರವೂ ಹೊಡೆತದ ಬಲವೂ ಹೋಗಿಬಿಡುತ್ತವೆ; ಉಳಿದವರಲ್ಲಿ ಏನಿದೆಯೆಂದು ನೋಡಿಕೊಂಡು ಆಟವನ್ನು ಮತ್ತೆ ಕಟ್ಟಬೇಕಾಗುತ್ತದೆ. ನಾನು ಹೇಳಹೊರಟಿರುವ ಋತುವಿನಲ್ಲಿ ನಮಗೆ ಉಳಿದಿದ್ದವರು ಒಬ್ಬ ಚುರುಕಾದ ಲಿಬೆರೊ (ಹಿಂಸಾಲಿನಲ್ಲಿ ರಕ್ಷಣೆಗೆಂದೇ ಆಡುವವನು), ಅನುಭವವಿದ್ದ ಒಬ್ಬ ಸೆಟ್ಟರ್ (ಹೊಡೆಯುವವರಿಗೆ ಚೆಂಡನ್ನು ಎತ್ತಿಕೊಡುವವನು) ಮತ್ತು 2.43 ಮೀಟರ್ ಎತ್ತರದ ನೆಟ್‌ನ ಮೇಲೆ ಎದುರಾಳಿಯ ಹೊಡೆತವನ್ನು ತಡೆಯುವಷ್ಟು ನಿಲುವಿಲ್ಲದ ಅಟ್ಯಾಕರ್‌ಗಳು. ಬ್ಲಾಕ್‌ನಿಂದ ಪಂದ್ಯ ಗೆಲ್ಲುವ ತಂಡ ಇದಲ್ಲವೆಂಬುದು ಆರಂಭದಲ್ಲೇ ಸ್ಪಷ್ಟವಾಗಿತ್ತು. ಆದುದರಿಂದ ಇಡೀ ಋತುವಿನ ಸಿದ್ಧತೆಯನ್ನು ಎದುರಾಳಿಯ ಸರ್ವ್ ಸ್ವೀಕರಿಸುವ ಮೊದಲ ಸ್ಪರ್ಶದ ಸುತ್ತ ಹೆಣೆದೆ.

1990ರ ದಶಕದ ಕೊನೆಯವರೆಗೆ ಐದನೆಯ ಸೆಟ್ ಬಿಟ್ಟು ಉಳಿದ ಸೆಟ್‌ಗಳಲ್ಲಿ ಸರ್ವ್ ಮಾಡಿದ ತಂಡಕ್ಕೆ ಮಾತ್ರ ಅಂಕ ಸಿಗುತ್ತಿತ್ತು. ಈಗ ಪ್ರತಿ ರ‍್ಯಾಲಿಗೂ ಅಂಕವುಂಟು. ಪುರುಷರ ಆಟದಲ್ಲಿ ಮೊದಲ ಸ್ಪರ್ಶದಿಂದ ಸೆಟ್ಟರ್‌ಗೆ ಒಳ್ಳೆಯ ಪಾಸ್ ಸಿಕ್ಕಿದ ಮೇಲೆ ಆಕ್ರಮಣವನ್ನು ತಡೆಯುವುದು ಕಷ್ಟವಾದ್ದರಿಂದ, ಸರ್ವ್ ಸ್ವೀಕರಿಸುವ ತಂಡವೇ ಸಾಮಾನ್ಯವಾಗಿ ಹೆಚ್ಚಿನ ರ‍್ಯಾಲಿಗಳನ್ನು ಗೆಲ್ಲುತ್ತದೆ. ಎರಡೂ ತಂಡಗಳು ಹೀಗೆ ಸೈಡ್‌ಔಟ್, ಅಂದರೆ ಎದುರಾಳಿಯ ಸರ್ವ್‌ನಲ್ಲಿ ಅಂಕ, ಪಡೆಯುತ್ತ ಸಾಗುವಾಗ, ಯಾವ ತಂಡ ಒಂದೇ ರೊಟೇಷನ್‌ನಲ್ಲಿ (ಪ್ರತಿ ಸೈಡ್‌ಔಟ್‌ಗೂ ಒಂದೊಂದು ಸ್ಥಾನ ಸರಿಯುವ ಆರು ಆಟಗಾರರ ಆಗಿನ ಜೋಡಣೆಯಲ್ಲಿ) ಸಿಕ್ಕಿಬಿದ್ದು ಮೂರು ನಾಲ್ಕು ಅಂಕಗಳನ್ನು ಸತತವಾಗಿ ಬಿಟ್ಟುಕೊಡುತ್ತದೆಯೋ ಆ ತಂಡ 25 ಅಂಕಗಳ ಸೆಟ್ ಅನ್ನು ಕಳೆದುಕೊಳ್ಳುತ್ತದೆ.

ಆ ರೊಟೇಷನ್ ಯಾವುದೆಂದು ತಿಳಿಯಲು ಬೆಂಚಿನಲ್ಲಿದ್ದ ಆಟಗಾರನೊಬ್ಬನ ಕೈಗೆ ನೋಟ್‌ಬುಕ್ ಕೊಟ್ಟು, ಪ್ರತಿ ಸ್ವೀಕಾರಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಬರೆಯಿಸಿದೆ. ಎಲ್ಲ ಅಟ್ಯಾಕರ್‌ಗಳಿಗೂ ಚೆಂಡು ಕೊಡಲು ಸೆಟ್ಟರ್‌ಗೆ ಅವಕಾಶವಾದರೆ ಮೂರು. ಸ್ವೀಕಾರವೇ ತಪ್ಪಿ ಎದುರಾಳಿಗೆ ನೇರವಾಗಿ ಅಂಕ ಹೋದರೆ ಸೊನ್ನೆ. ಆಟಗಾರನ ಹೆಸರಿನೊಂದಿಗೆ ಆಗ ಸೆಟ್ಟರ್ ಯಾವ ಸ್ಥಾನದಲ್ಲಿದ್ದನೆಂಬುದನ್ನೂ ಬರೆಯುವಂತೆ ಹೇಳಿದ್ದೆ. ಹೆಚ್ಚಿನ ತರಬೇತುದಾರರು ಆಟಗಾರನ ಸರಾಸರಿಯನ್ನಷ್ಟೇ ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದರಿಂದ ಆಟಗಾರನಿಗೆ ಬೈಯಲು ಕಾರಣ ಸಿಗುತ್ತದೆಯೇ ಹೊರತು ಪರಿಹಾರ ಸಿಗುವುದಿಲ್ಲ.

ಕೆಲವೇ ಅಭ್ಯಾಸ ಪಂದ್ಯಗಳಲ್ಲಿ ತೊಡಕು ಎಲ್ಲಿದೆಯೆಂಬುದು ಕಾಣಿಸಿತು. ನಾವು ಒಬ್ಬನೇ ಸೆಟ್ಟರ್ ಇರುವ 5-1 ಪದ್ಧತಿಯಲ್ಲಿ ಆಡುತ್ತಿದ್ದೆವು. ಸೆಟ್ಟರ್ ಒಂದನೆಯ ಸ್ಥಾನದಲ್ಲಿ, ಅಂದರೆ ಹಿಂಸಾಲಿನ ಬಲತುದಿಯಲ್ಲಿ ಇರುವಾಗ ಅವನ ಎದುರುಸ್ಥಾನದ ಆಪೋಸಿಟ್, ಅಂದರೆ ಬಲಗಡೆಯಿಂದ ಹೊಡೆದು ರೂಢಿಯಿರುವ ಅಟ್ಯಾಕರ್, ಮುಂಸಾಲಿನ ಎಡತುದಿಯಲ್ಲಿರುತ್ತಾನೆ. ಎಡಗಡೆಯಿಂದ ಹೊಡೆದು ರೂಢಿಯಿರುವ ಅಟ್ಯಾಕರ್ ಬಲತುದಿಗೆ ಬಂದಿರುತ್ತಾನೆ. ಸರ್ವ್ ಆಗುವ ಕ್ಷಣದಲ್ಲಿ ಅಕ್ಕಪಕ್ಕದವರ ಕ್ರಮ ತಪ್ಪಿದರೆ ಓವರ್‌ಲ್ಯಾಪ್ ಆಗಿ ಅಂಕ ಹೋಗುವುದರಿಂದ ಅವರು ಮುಂಚೆಯೇ ಜಾಗ ಬದಲಿಸುವಂತಿಲ್ಲ. ಪರಿಣಾಮವಾಗಿ ಇಬ್ಬರೂ ತಮಗೆ ಒಗ್ಗದ ಬದಿಯಿಂದ ಹೊಡೆಯಬೇಕಾಗುತ್ತಿತ್ತು, ಸಾಲದ್ದಕ್ಕೆ ಬಲತುದಿಯ ಅಟ್ಯಾಕರ್ ಸರ್ವ್ ಸ್ವೀಕರಿಸಿ ಅಲ್ಲಿಂದಲೇ ಓಟ ಆರಂಭಿಸಬೇಕಾಗಿತ್ತು. ನಮ್ಮ ಸತತ ಸೋಲಿನ ಅಂಕಗಳಲ್ಲಿ ಬಹುಪಾಲು ಇಲ್ಲಿಯೇ ಹೋಗುತ್ತಿದ್ದವು.

ಇದಕ್ಕೆ ಮಾಡಿದ ಮೊದಲ ಉಪಾಯ ಕಾಗದದ ಮೇಲಿನದು. ಪ್ರತಿ ಸೆಟ್‌ಗೆ ಮುಂಚೆ ಕೊಡುವ ಆರಂಭಿಕ ಸ್ಥಾನಗಳ ಪಟ್ಟಿಯಲ್ಲಿ ಸೆಟ್ಟರ್‌ನನ್ನು ಆರನೆಯ ಸ್ಥಾನದಲ್ಲಿ ಬರೆಯತೊಡಗಿದೆ. ಆಟಗಾರರು ಆರರಿಂದ ಐದಕ್ಕೆ, ನಾಲ್ಕಕ್ಕೆ ಹೀಗೆ ಸರಿಯುತ್ತ ಕೊನೆಗೆ ಒಂದಕ್ಕೆ ಬರುವುದರಿಂದ, ಹಾಗೆ ಮಾಡಿದರೆ, ಮೊದಲ ಸರ್ವ್ ಯಾರದ್ದೇ ಆಗಿರಲಿ, ಆ ತೊಡಕಿನ ಸ್ವೀಕಾರ ಸುತ್ತಿನ ಕೊನೆಗೆ ಬರುತ್ತದೆ. 15 ಅಂಕಗಳ ಐದನೆಯ ಸೆಟ್‌ನಲ್ಲಿ ಅದು ಎರಡನೆಯ ಬಾರಿ ಬರುವ ಮುನ್ನವೇ ಸೆಟ್ ಮುಗಿದಿರುವ ಸಾಧ್ಯತೆ ಹೆಚ್ಚು. ಎರಡನೆಯದು ಅಂಕಣದ ಕೆಲಸ. ಪ್ರತಿ ಅಭ್ಯಾಸದ ಕೊನೆಯ ಭಾಗವನ್ನು 22-22 ಎಂದು ಭಾವಿಸಿ ಅದೇ ರೊಟೇಷನ್‌ನಿಂದ ಆರಂಭಿಸುತ್ತಿದ್ದೆವು. ಎದುರಿನಿಂದ ಸರ್ವ್ ಮಾಡುತ್ತಿದ್ದವರು ನಮ್ಮದೇ ಬಲಿಷ್ಠ ಸರ್ವರ್‌ಗಳು, ಅದೂ ಅಂತ್ಯರೇಖೆಯ ಹಿಂದಿನಿಂದ, ಪಂದ್ಯದ ವೇಗದಲ್ಲಿಯೇ. ತರಬೇತುದಾರ ಪೆಟ್ಟಿಗೆಯ ಮೇಲೆ ನಿಂತು ನೆಟ್‌ನ ಹತ್ತಿರದಿಂದ ಹೊಡೆದುಕೊಡುವ ಚೆಂಡು ಬರುವ ಕೋನವೇ ಬೇರೆ. ಅದರಿಂದ ತೋಳು ಪಳಗಬಹುದು, ಕಣ್ಣು ಪಳಗುವುದಿಲ್ಲ.

ಪಾಸ್ ತಲುಪಬೇಕಾದ ಗುರಿಯನ್ನೂ ಬದಲಿಸಿದೆ. ನೆಟ್‌ಗೆ ಅಂಟಿಕೊಂಡಂತೆ ಬರುವ ಪಾಸ್ ನೋಡಲು ಅಂದವಾಗಿದ್ದರೂ, ಹಾರಿ ಹೊಡೆಯುವ ಜಂಪ್ ಸರ್ವ್‌ನ ಬಲಕ್ಕೆ ಅದು ಒಂದು ಗೇಣು ಹೆಚ್ಚು ಹೋದರೆ ಎದುರಾಳಿಯ ಅಂಗೈಗೇ ಸಿಗುತ್ತದೆ. ಆದ್ದರಿಂದ ನೆಟ್‌ನಿಂದ ಸುಮಾರು ಒಂದೂವರೆ ಮೀಟರ್ ಹಿಂದೆ, ಎತ್ತರವಾಗಿ ಬರುವ ಪಾಸ್‌ಗೇ ಮೂರು ಅಂಕವೆಂದು ನಿಗದಿಪಡಿಸಿದೆ. ತೇಲುತ್ತ ಬರುವ ಫ್ಲೋಟ್ ಸರ್ವ್ ಅನ್ನು ಹಿಂದೆ ಸರಿದು ಮುಂಗೈಯಲ್ಲಿ ತೆಗೆದುಕೊಳ್ಳುವ ಬದಲು, ಒಂದು ಹೆಜ್ಜೆ ಮುಂದೆ ನಿಂತು ತಲೆಯ ಮೇಲೆ ಬೆರಳುಗಳಿಂದ ಸ್ವೀಕರಿಸುವುದನ್ನು ಇಬ್ಬರಿಗೆ ಕಲಿಸಿದೆ. ಮೊದಲ ಸ್ಪರ್ಶದಲ್ಲಿ ಒಂದೇ ಕ್ರಿಯೆಯೊಳಗೆ ಚೆಂಡು ಎರಡು ಬಾರಿ ತಾಗಿದರೂ ನಿಯಮ ಅದನ್ನು ತಪ್ಪೆನ್ನುವುದಿಲ್ಲ, ಹಿಡಿದಂತೆ ಮಾತ್ರ ಆಗಬಾರದು. ಈ ಸಂಗತಿ ಗೊತ್ತಿದ್ದೂ ಆಟಗಾರರು ಬೆರಳು ಬಳಸಲು ಅಂಜುತ್ತಾರೆ.

ಋತುವಿನ ನಡುವೆ ಸೆಟ್ಟರ್ ಬ್ಲಾಕ್‌ಗೆಂದು ಹಾರಿ, ನಡುಗೆರೆ ದಾಟಿ ಬಂದಿದ್ದ ಎದುರಾಳಿಯ ಪಾದದ ಮೇಲೆ ಇಳಿದು ಕಾಲುಗಂಟನ್ನು ಉಳುಕಿಸಿಕೊಂಡ. ಮೊದಲ ವರ್ಷದ ಹುಡುಗನೊಬ್ಬ ಅವನ ಜಾಗಕ್ಕೆ ಬಂದ. ಅವನಿಗೆ ಓಡಿಹೋಗಿ ಚೆಂಡನ್ನು ಹಿಡಿತಕ್ಕೆ ತಂದುಕೊಳ್ಳುವ ಅನುಭವ ಇರಲಿಲ್ಲ, ಆದರೆ ನಿಂತಲ್ಲಿಗೆ ಪಾಸ್ ಬಂದರೆ ಎಡತುದಿಗೆ ಎತ್ತರದ ಚೆಂಡನ್ನು ನಿಖರವಾಗಿ ಕೊಡಬಲ್ಲವನಾಗಿದ್ದ. ನೆಟ್‌ನ ಹತ್ತಿರ ತಗ್ಗಾಗಿ ಎತ್ತಿದ ಚೆಂಡಿಗೆ ಥಟ್ಟನೆ ಹೊಡೆಯುವ ಕ್ವಿಕ್ ಹೊಡೆತಗಳನ್ನು ನಾವು ಬಹುಮಟ್ಟಿಗೆ ಕೈಬಿಟ್ಟೆವು. ಆಟ ಸಪ್ಪೆಯಾಯಿತೆಂದು ಕೆಲವರು ಆಡಿಕೊಂಡರು. ಸ್ವೀಕಾರದ ಸರಾಸರಿ ಕುಸಿಯದಿದ್ದುದರಿಂದ ನನಗೆ ಆತಂಕವೆನಿಸಲಿಲ್ಲ. ಆ ಅವಧಿಯ ಪಂದ್ಯಗಳಲ್ಲಿ ನಾವು ಸೋತಾಗಲೂ ಐದನೆಯ ಸೆಟ್‌ವರೆಗೆ ಹೋಗಿಯೇ ಸೋತದ್ದು ಹೆಚ್ಚು, ಮತ್ತು ಐದು ಸೆಟ್‌ಗಳಲ್ಲಿ ಸೋತವರಿಗೂ ಒಂದು ಅಂಕ ಕೊಡುವ ಲೀಗ್ ಪದ್ಧತಿಯಿಂದಾಗಿ ನಾಲ್ಕರ ಘಟ್ಟ ತಲುಪಿದೆವು.

ಸೆಮಿಫೈನಲ್‌ನ ಎದುರಾಳಿಗಳು ನಮ್ಮ ಪಟ್ಟಿಯ ಮರ್ಮವನ್ನು ಅರಿತಿದ್ದರು. ಎರಡನೆಯ ಸೆಟ್‌ನಿಂದ ತಮ್ಮ ಆರಂಭಿಕ ಸ್ಥಾನಗಳನ್ನು ತಿರುಗಿಸಿ, ನಮ್ಮ ತೊಡಕಿನ ರೊಟೇಷನ್‌ಗೆ ಸರಿಯಾಗಿ ಅವರ ಅತ್ಯುತ್ತಮ ಜಂಪ್ ಸರ್ವರ್ ಬರುವಂತೆ ಮಾಡಿದರು. ಅದನ್ನು ತಪ್ಪಿಸಲು ನಾನು ಮುಂದಿನ ಸೆಟ್‌ನಲ್ಲಿ ಒಂದು ಸ್ಥಾನ ಸರಿಸಿದರೆ ಅವರೂ ಸರಿಸುತ್ತಿದ್ದರು. ಪಂದ್ಯ ಐದನೆಯ ಸೆಟ್‌ಗೆ ಹೋಗಿ 13-15ರಲ್ಲಿ ನಮ್ಮ ಕೈತಪ್ಪಿತು. ಮರುದಿನ ನೋಟ್‌ಬುಕ್ ತೆರೆದು ನೋಡಿದಾಗ ಆ ಸೆಟ್‌ನ ಸ್ವೀಕಾರದಲ್ಲಿ ಒಂದು ಸೊನ್ನೆಯೂ ಇರಲಿಲ್ಲ; ಅಂಕಗಳು ಹೋದದ್ದು ನಮ್ಮದೇ ಸರ್ವ್‌ಗಳು ನೆಟ್‌ಗೆ ಬಡಿದು. ಅಲ್ಲಿಯವರೆಗೆ ಸರ್ವ್‌ಗೆ ನಾವು ಪ್ರತ್ಯೇಕ ಪುಟವನ್ನೇ ಇಟ್ಟಿರಲಿಲ್ಲ. ಮುಂದಿನ ಋತುವಿಗೆ ಮೊದಲು ಸಿದ್ಧವಾದದ್ದು ಆ ಪುಟವೇ: ಯಾರು, ಯಾವ ಅಂಕದಲ್ಲಿ, ಯಾವ ಬಗೆಯ ಸರ್ವ್ ಮಾಡಿದರು, ಎದುರಾಳಿಯ ಪಾಸ್ ಎಷ್ಟು ಕೆಟ್ಟಿತು ಎಂಬ ನಾಲ್ಕು ಕಲಮುಗಳೊಂದಿಗೆ.