ಮೊಣಕೈ ಊರಿ ಕೂತ ಮೇಲೆ

ಹೋದ ವರ್ಷ ಮಳೆಗಾಲದಲ್ಲಿ ಒಂದು ನ್ಯಾಟ್ ವಿಮಾನ ನನ್ನನ್ನು ಸೋಲಿಸಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಅವರು ಹಾರಿಸಿದ್ದು ನ್ಯಾಟ್. ನಮ್ಮ ವಾಯುಪಡೆಗೆ ಸಿಕ್ಕಿರುವ ಒಂದೇ ಪರಮವೀರ ಚಕ್ರ ಅವರದು. ಅಂಥ ವಿಮಾನದ ಮುಂದೆ ನನ್ನಂಥವನು ಸೋತರೆ ಅವಮಾನವೇನಿಲ್ಲ ಬಿಡಿ. ಆದರೆ ನಾನು ಜೋಡಿಸುವುದು ಪ್ಲಾಸ್ಟಿಕ್ ಕಿಟ್‌ನ ಪುಟ್ಟ ಮಾದರಿ ವಿಮಾನ, ಸೋತದ್ದು ಅದರ ಮುಂಚಕ್ರದ ಬಾಗಿಲಿಗೆ.

ನಿಜವಾದ ನ್ಯಾಟ್‌ನ ರೆಕ್ಕೆ ಈ ತುದಿಯಿಂದ ಆ ತುದಿಗೆ 6.7 ಮೀಟರ್. 1/72 ಅಳತೆಗೆ ಇಳಿಸಿದರೆ ಒಂಬತ್ತು ಸೆಂಟಿಮೀಟರ್ ಚಿಲ್ಲರೆ. ಅಂಗೈ ಮೇಲೆ ಆರಾಮಾಗಿ ಕೂರುತ್ತದೆ. ಬಾಗಿಲು ಅಂದರೆ ಒಂದು ಅಕ್ಕಿಕಾಳು. ಅದನ್ನು ಚಿಮುಟದಲ್ಲಿ ಹಿಡಿದು ಅಂಟಿಸಲು ಹೋದೆ. ಕೈ ನಡುಗಿತು. ನಡುಗುತ್ತದೆ ಅಂತ ಇನ್ನೂ ಬಿಗಿಯಾಗಿ ಹಿಡಿದೆ. ಟಿಕ್ ಅಂತ ಸದ್ದಾಯಿತು, ಬಾಗಿಲು ಮಾಯ.

ನಮ್ಮ ಹಳೇ ಮನೆಯಲ್ಲಿ ರೆಡ್ ಆಕ್ಸೈಡ್ ನೆಲ ಇತ್ತು. ಅದರ ಮೇಲೆ ಬೂದು ಬಣ್ಣದ ಪ್ಲಾಸ್ಟಿಕ್ ಬಿದ್ದರೆ ನಿಂತಲ್ಲಿಂದಲೇ ಕಾಣುತ್ತಿತ್ತು. ಮೈಸೂರಿನ ಸರಸ್ವತಿಪುರದ ಈ ಮನೆಗೆ ಚುಕ್ಕಿಚುಕ್ಕಿ ಗ್ರಾನೈಟ್ ಹಾಕಿಸಿದ್ದೇವೆ. ಅದರ ಮೇಲೆ ಏನು ಬಿದ್ದರೂ ಕಲ್ಲಿನ ಚುಕ್ಕಿಯೇ ಆಗಿಬಿಡುತ್ತದೆ. ಒಂದು ಗಂಟೆ ಮಂಡಿಯೂರಿ ಹುಡುಕಿದೆ. ಮಂಡಿ ನೋವಷ್ಟೇ ಬಂತು. ಅವತ್ತು ಡಬ್ಬ ಮುಚ್ಚಿ ಅಟ್ಟಕ್ಕೆ ಹಾಕಿದೆ. 63 ವಯಸ್ಸಾಯಿತು, ಇನ್ನು ಸಾಕು ಅಂದುಕೊಂಡೆ.

ಆಮೇಲೆ ಒಂದು ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ವರಾಂಡದಲ್ಲಿ ಕೂತು ಷರ್ಟಿನ ಗುಂಡಿ ಹೊಲಿಯುತ್ತಿದ್ದೆ. ಸೂಜಿಗೆ ದಾರ ಮೊದಲನೇ ಸಲಕ್ಕೇ ಹೋಯಿತು. ಕೈ ಅಲುಗಲಿಲ್ಲ. ಇದೇನಪ್ಪಾ ಅನ್ನಿಸಿತು. ಅದೇ ಸೂಜಿ, ಅದೇ ದಾರ ತೆಗೆದುಕೊಂಡು ಒಳಗೆ ನನ್ನ ಮೇಜಿನ ಮುಂದೆ ಕೂತು ನೋಡಿದೆ. ದಾರ ಸೂಜಿಯ ಸುತ್ತ ಗಿರಕಿ ಹೊಡೆಯಿತೇ ಹೊರತು ಒಳಗೆ ಹೋಗಲಿಲ್ಲ. ಕೈ ಮತ್ತೆ ನಡುಗುತ್ತಿತ್ತು. ಐದೇ ನಿಮಿಷದಲ್ಲಿ ಕೈಗೆ ವಯಸ್ಸಾಗಲು ಸಾಧ್ಯವೇ? ಕಣ್ಣಿಗೆ ಗುರಿ ಕಾಣದಿದ್ದಾಗ ಕೈ ತಡಕಾಡುತ್ತದೆ. ಆ ತಡಕಾಟವನ್ನೇ ನಾನು ನಡುಕ ಅಂತ ಕರೆಯುತ್ತಿದ್ದೆ. ಪೂರ್ತಿ ಅಲ್ಲದಿದ್ದರೂ ಅರ್ಧ ತಪ್ಪು ಕಣ್ಣಿನದು.

ಅರವತ್ತು ದಾಟಿದವರ ಕಣ್ಣಿನ ಪಾಪೆ ಚಿಕ್ಕದಾಗಿರುತ್ತದೆ, ಒಳಗಿನ ಲೆನ್ಸ್ ಹಳದಿಗಟ್ಟಿರುತ್ತದೆ. ಇಪ್ಪತ್ತರ ಹುಡುಗನ ಕಣ್ಣಿನ ಹಿಂಪರದೆಗೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ನಮ್ಮದಕ್ಕೆ ತಲುಪುತ್ತದೆ. ನಾನು ಮಾತ್ರ ಇಪ್ಪತ್ತರಲ್ಲಿ ಬಳಸಿದಂಥದೇ ಒಂಟಿ ಟೇಬಲ್ ಲ್ಯಾಂಪಿನ ಮುಂದೆ ಕೂತಿದ್ದೆ! ಈಗ ಎಡಕ್ಕೊಂದು, ಬಲಕ್ಕೊಂದು ಎಲ್‌ಇಡಿ ಲ್ಯಾಂಪ್ ಇಟ್ಟಿದ್ದೇನೆ. ಒಂದೇ ಇದ್ದರೆ ನಮ್ಮ ಕೈಯ ನೆರಳು ನಮ್ಮ ಕೆಲಸದ ಮೇಲೇ ಬೀಳುತ್ತದೆ. ಬಲ್ಬ್ ಡಬ್ಬದ ಮೇಲೆ ಸಿಆರ್‌ಐ ಅಂತ ಬರೆದಿರುತ್ತಾರೆ. ಅದು 90ಕ್ಕಿಂತ ಮೇಲಿದ್ದರೆ ಬಣ್ಣಗಳು ಹೆಚ್ಚುಕಡಿಮೆ ನಿಜವಾಗಿ ಇರುವ ಹಾಗೇ ಕಾಣುತ್ತವೆ. ಭೂತಗನ್ನಡಿ ಕೊಳ್ಳುವ ಮೊದಲು ಈ ಖರ್ಚು ಮಾಡಿ. ನಾನು ಉಲ್ಟಾ ಮಾಡಿದೆ.

ಹೇಗೆ ಅಂದರೆ, ತಲೆಗೆ ಕಟ್ಟಿಕೊಳ್ಳುವ ಭೂತಗನ್ನಡಿ ಇರುತ್ತದಲ್ವಾ, ಅದರಲ್ಲಿ ಜಾಸ್ತಿ ಪವರ್ ಇರುವುದೇ ಒಳ್ಳೆಯದು ಅಂತ ಮೂರೂವರೆ ಪಟ್ಟು ದೊಡ್ಡದು ಮಾಡಿ ತೋರಿಸುವುದನ್ನು ತಂದೆ. ಅದು ಸರಿಯಾಗಿ ಕಾಣುವುದು ನಾಲ್ಕು ಇಂಚು ದೂರದಲ್ಲಿ. ಮೂಗಿಗೂ ವಿಮಾನಕ್ಕೂ ನಡುವೆ ಚಿಮುಟ ಹಿಡಿಯಲು ಜಾಗವೇ ಇಲ್ಲ. ಮೂಗಿನ ತುಂಬ ಅಂಟಿನ ವಾಸನೆ ಬೇರೆ. ಪವರ್ ಹೆಚ್ಚಿದಷ್ಟೂ ದೂರ ಕಡಿಮೆಯಾಗುತ್ತದೆ ಅನ್ನುವುದು ಆಗ ತಲೆಗೆ ಹೋಯಿತು. ಎರಡು ಪಟ್ಟಿನದು ಹತ್ತು ಇಂಚಿನಲ್ಲಿ ಕೂರುತ್ತದೆ. ನನ್ನ ಮುಕ್ಕಾಲು ಕೆಲಸಕ್ಕೆ ಅದೇ ಸಾಕು.

ಚಾಳೀಸಿನ ಲೆಕ್ಕವೂ ಇದೇ. 100ನ್ನು ಕನ್ನಡಕದ ನಂಬರಿನಿಂದ ಭಾಗಿಸಿದರೆ ಎಷ್ಟು ಸೆಂಟಿಮೀಟರ್ ದೂರಕ್ಕೆ ಕಾಣುತ್ತದೆ ಅಂತ ಗೊತ್ತಾಗುತ್ತದೆ (ದೂರದೃಷ್ಟಿ ಸರಿಯಿದ್ದು, ಹತ್ತಿರಕ್ಕೆ ಹೊಂದಿಸಿಕೊಳ್ಳುವ ಶಕ್ತಿ ಕಣ್ಣಿನಲ್ಲಿ ಉಳಿಯದವರಿಗೆ). ಎರಡೂವರೆ ಅಂದರೆ 40 ಸೆಂಟಿಮೀಟರ್. ಪೇಪರ್ ಓದಲು ಸರಿ, ಕ್ಯಾನೊಪಿಯ (ಪೈಲಟ್ ತಲೆಯ ಮೇಲಿನ ಗಾಜಿನ ಮುಚ್ಚಳ) ಚೌಕಟ್ಟಿಗೆ ಬಣ್ಣ ಹಚ್ಚಲು ಸಾಲದು. ಕನ್ನಡಕದವರಿಗೆ 'ನನ್ನ ಕೆಲಸ ಇಷ್ಟು ದೂರದಲ್ಲಿ' ಅಂತ ಸ್ಕೇಲ್ ಹಿಡಿದೇ ತೋರಿಸಿದೆ. ನಕ್ಕರು, ಆದರೆ ಸರಿಯಾದದ್ದನ್ನೇ ಮಾಡಿಕೊಟ್ಟರು. ದೂರ, ಹತ್ತಿರ ಎರಡಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಕನ್ನಡಕ ಈ ಕೆಲಸಕ್ಕೆ ಬೇಡ. ಹತ್ತಿರದ್ದು ಕಾಣಬೇಕಾದರೆ ಗದ್ದ ಎತ್ತಿ ಕೆಳಭಾಗದಲ್ಲೇ ನೋಡಬೇಕು. ಅರ್ಧ ಗಂಟೆಗೆ ಕತ್ತು ಹಿಡಿಯುತ್ತದೆ.

ಇನ್ನು ಕೈಯ ಪಾಲಿನ ಅರ್ಧ. ಅದಕ್ಕೆ ಗುರು ಸಿಕ್ಕಿದ್ದು ಮಂಡಿ ಮೊಹಲ್ಲಾದಲ್ಲಿ. ಬೀಟೆ ಮರದಲ್ಲಿ ಇನ್‌ಲೇ ಕೆಲಸ ಮಾಡುವ ಒಬ್ಬ ಹಿರಿಯರು ನನಗೆ ಪರಿಚಯ. ನನಗಿಂತ ಏಳೆಂಟು ವರ್ಷ ದೊಡ್ಡವರು. ಆನೆಯ ಚಿತ್ರಕ್ಕೆ ಬೇಕಾದ ಚೂರುಗಳನ್ನು ದಾರದಷ್ಟು ಸಣ್ಣ ಗರಗಸದಲ್ಲಿ ಕೊಯ್ಯುತ್ತಿದ್ದರು. ಟೀ ಲೋಟ ಎತ್ತಿದಾಗ ಅವರ ಕೈ ನನ್ನ ಕೈಗಿಂತ ಜಾಸ್ತಿ ನಡುಗುತ್ತಿತ್ತು. ಗರಗಸ ಹಿಡಿದಾಗ ಮಾತ್ರ ಒಂದು ಚೂರೂ ಇಲ್ಲ. ಹೇಗೆ ಅಂತ ಕೇಳಿದೆ. ಅವರು ಬಾಯಿ ಬಿಡಲಿಲ್ಲ, ನನ್ನ ಮೊಣಕೈ ಹಿಡಿದು ಮೇಜಿನ ಅಂಚಿಗೆ ಒತ್ತಿದರು. ಆಮೇಲೆ ಮಣಿಕಟ್ಟು, ಆಮೇಲೆ ಕಿರುಬೆರಳು. ಮೂರೂ ಊರಿದ ಮೇಲೆ ಅಲುಗಲು ಉಳಿಯುವುದು ಬೆರಳ ತುದಿ ಮಾತ್ರ. ಭುಜದಿಂದ ನೇತಾಡುವ ಇಡೀ ತೋಳು ಇನ್ನು ನಡುಗಿ ಏನು ಮಾಡೀತು?

ಮನೆಗೆ ಬಂದು ನೋಡಿದರೆ ನನ್ನ ಮೇಜಿನ ಎತ್ತರವೇ ತಪ್ಪು. ಮೊಣಕೈ ಊರಬೇಕಾದರೆ ಗೂನು ಬೆನ್ನು ಮಾಡಬೇಕಿತ್ತು. ಅಡುಗೆಮನೆಯ ಎರಡು ಮಣೆ ತಂದು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟೆ. ಕೆಲಸ ಎದೆಮಟ್ಟಕ್ಕೆ ಬಂತು. ಮೊಣಕೈಗೆ ಎರಡೂ ಪಕ್ಕ ಪುಸ್ತಕದ ಅಟ್ಟಿ. ಮನೆಯವಳು ಸ್ವಲ್ಪ ದಿನ ಮಣೆ ಕೇಳಿದಳು, ಆಮೇಲೆ ಹೊಸದು ತಂದಳು. ಬ್ರಷ್ ಹಿಡಿದಾಗ ಎರಡು ಕೈಯ ಕಿರುಬೆರಳೂ ಒಂದಕ್ಕೊಂದು ತಾಗಿರುವಂತೆ ನೋಡಿಕೊಳ್ಳುತ್ತೇನೆ. ಆಗ ನಡುಗಿದರೂ ಎರಡೂ ಒಟ್ಟಿಗೇ ನಡುಗುತ್ತವೆ, ಗೆರೆ ಕೆಡುವುದಿಲ್ಲ.

ಡಾಕ್ಟರಿಗೂ ತೋರಿಸಿದೆ. ನೀವೂ ತೋರಿಸಿ, ನಡುಕಕ್ಕೆ ಥೈರಾಯ್ಡ್‌ನಿಂದ ಹಿಡಿದು ಪಾರ್ಕಿನ್ಸನ್ ತನಕ ಕಾರಣಗಳಿರುತ್ತವೆ. ನನ್ನದರಲ್ಲಿ ಅಂಥದ್ದೇನೂ ಇರಲಿಲ್ಲ. ಅವರು ಕೇಳಿದ್ದು ಎರಡೇ ಪ್ರಶ್ನೆ: ಕೆಲಸಕ್ಕೆ ಕೂರುವ ಮೊದಲು ಕಾಫಿ ಎಷ್ಟು, ಉಬ್ಬಸದ ಇನ್‌ಹೇಲರ್ ಯಾವಾಗ? ಬಣ್ಣದ ವಾಸನೆಗೆ ಉಬ್ಬಸ ಬಂದೀತು ಅಂತ ನಾನು ಕೂರುವ ಮೊದಲು ಸುಮ್ನೆ ಎರಡು ಸಲ ಎಳೆದುಕೊಳ್ಳುತ್ತಿದ್ದೆ. ಅದರಲ್ಲಿರುವ ಸಾಲ್ಬ್ಯುಟಮಾಲ್ ಔಷಧ ಕೈ ನಡುಗಿಸುತ್ತದಂತೆ. ಅವರನ್ನು ಕೇಳಿಯೇ ಆ ಅಭ್ಯಾಸ ಬಿಟ್ಟೆ. ಇನ್‌ಹೇಲರ್ ಈಗ ಉಬ್ಬಸ ಬಂದರೆ ಮಾತ್ರ, ಬಣ್ಣ ಹೊಡೆಯುವುದು ಮಾಸ್ಕ್ ಹಾಕಿಕೊಂಡು ಕಿಟಕಿಯ ಹತ್ತಿರ. ಫಿಲ್ಟರ್ ಕಾಫಿ ಬಿಡಲು ಆಗಲಿಲ್ಲ, ಮೈಸೂರಿನವರು ನೋಡಿ. ಕೆಲಸ ಮುಗಿದ ಮೇಲೆ ಕುಡಿಯುತ್ತೇನೆ.

ಸಾಮಾನುಗಳಲ್ಲಿ ಬದಲಾದದ್ದು ಸ್ವಲ್ಪವೇ. ಉಲ್ಟಾ ಚಿಮುಟ ತಂದೆ. ಒತ್ತಿದರೆ ಬಾಯಿ ಬಿಡುತ್ತದೆ, ಬಿಟ್ಟರೆ ತಾನೇ ಕಚ್ಚಿಕೊಳ್ಳುತ್ತದೆ. ಹಿಡಿದಿಡುವ ಕೆಲಸ ಬೆರಳಿಗಿಲ್ಲ. ತೀರಾ ಚಿಕ್ಕ ತುಂಡನ್ನು ಚಿಮುಟದಲ್ಲಿ ಹಿಡಿಯುವುದೇ ಇಲ್ಲ. ದೇವರ ಮನೆಯಲ್ಲಿ ಉರಿದು ಉಳಿದ ಊದಿನಕಡ್ಡಿಯ ಬಿದಿರು ಕಡ್ಡಿ ಇರುತ್ತದಲ್ವಾ, ಅದರ ತುದಿಗೆ ಜೇನುಮೇಣ ಸವರಿ ತುಂಡನ್ನು ಮುಟ್ಟಿದರೆ ಅಂಟಿಕೊಂಡು ಬರುತ್ತದೆ. ಹೆಬ್ಬೆರಳ ಬುಡ ನೋಯುತ್ತದೆ ಅಂತ ಚಾಕುವಿನ ಹಿಡಿಗೆ ಎಂ-ಸೀಲ್ ಮೆತ್ತಿ ದಪ್ಪ ಮಾಡಿದೆ. ಅಕ್ಕಸಾಲಿಗಳು ಚಿನ್ನದ ಪುಡಿ ನೆಲಕ್ಕೆ ಬೀಳದಿರಲಿ ಅಂತ ಮೇಜಿನ ಕೆಳಗೆ ಚರ್ಮ ಕಟ್ಟುತ್ತಾರೆ. ನಾನು ಹಳೇ ಬಿಳಿ ಪಂಚೆಯ ಒಂದಂಚನ್ನು ಮೇಜಿಗೆ ಪಿನ್ ಮಾಡಿ ಇನ್ನೊಂದನ್ನು ಸೊಂಟಕ್ಕೆ ಸಿಕ್ಕಿಸುತ್ತೇನೆ. ಎದ್ದೇಳುವ ಮೊದಲು ಬಿಚ್ಚಿಕೊಳ್ಳುವುದನ್ನು ಮರೆತರೆ ದೊಡ್ಡ ಅನಾಹುತ. ಒಂದು ಸಲ ಆಗಿದೆ.

ಬಣ್ಣದ ಕಥೆ ಬೇರೆ. ಮಿರಾಜ್ 2000 ಒಂದಕ್ಕೆ ನೀಲಿ ಬೆರೆತ ಬೂದು ಬಣ್ಣವನ್ನು ನೆನಪಿನಿಂದಲೇ ಬೆರೆಸಿ ಹೊಡೆದಿದ್ದೆ. ಚೆನ್ನಾಗಿದೆ ಅಂತ ಎರಡು ವರ್ಷ ಷೋಕೇಸಿನಲ್ಲಿ ಇಟ್ಟಿದ್ದೆ. ಈ ಜನವರಿಯಲ್ಲಿ ಬಲಗಣ್ಣಿನ ಪೊರೆ ತೆಗೆಸಿದೆ. ಮನೆಗೆ ಬಂದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ, ಪಂಚೆ ಎಡಗಣ್ಣಿಗೆ ಹಳೇ ಪೇಪರಿನ ಬಣ್ಣ, ಬಲಗಣ್ಣಿಗೆ ನೀಲಿ ಹಾಕಿ ಒಗೆದ ಹಾಗೆ. ಆಮೇಲೆ ಷೋಕೇಸ್ ನೋಡಿದೆ. ನನ್ನ ಮಿರಾಜ್ ದಸರಾ ಸರ್ಕಸ್ಸಿನ ಬಣ್ಣದಲ್ಲಿತ್ತು! ಹಳದಿ ಲೆನ್ಸ್ ನೀಲಿಯನ್ನು ನುಂಗುತ್ತಿದ್ದರಿಂದ ಸಾಲದು ಅಂತ ಸುರಿಯುತ್ತಾ ಹೋಗಿದ್ದೆ. ಪಕ್ಕದಲ್ಲೊಂದು ಒಳ್ಳೆಯ ಫೋಟೋ ಇಟ್ಟುಕೊಂಡು ಬೆರೆಸಿದ್ದರೆ ಇಷ್ಟಾಗುತ್ತಿರಲಿಲ್ಲ. ಎರಡನ್ನೂ ಅದೇ ಹಳದಿ ಕಣ್ಣು ನೋಡುತ್ತಿತ್ತಲ್ಲ. ಕೂರಿಸಿದ ಹೊಸ ಲೆನ್ಸ್ ದೂರಕ್ಕೆ ಹೊಂದಿಸಿದ್ದು, ಹಾಗಾಗಿ ಕನ್ನಡಕದ ಲೆಕ್ಕ ಮತ್ತೆ ಮೊದಲಿಂದ ಮಾಡಬೇಕಾಯಿತು.

1/48ಕ್ಕೆ ಬನ್ನಿ ಅಂತ ಎಲ್ಲರೂ ಹೇಳುತ್ತಾರೆ. ಬಂದಿದ್ದೇನೆ. ನ್ಯಾಟ್ 14 ಸೆಂಟಿಮೀಟರ್ ಆಗುತ್ತದೆ, ಪೈಲಟ್ 24 ಮಿಲಿಮೀಟರಿನಿಂದ 36ಕ್ಕೆ ಬೆಳೆಯುತ್ತಾನೆ, ಮುಖಕ್ಕೆ ಮೂಗು ಬರೆಯಬಹುದು. ಆದರೆ ಕಿಟ್ ಕಂಪನಿಗಳು ದೊಡ್ಡ ಅಳತೆಯಲ್ಲಿ ಇನ್ನೂ ಸಣ್ಣ ಸಣ್ಣ ತುಂಡುಗಳನ್ನು ತುಂಬುತ್ತವೆ. ಹಿತ್ತಾಳೆ ಹಾಳೆಯ ಸೀಟ್ ಬೆಲ್ಟ್ ಬಂದರೆ ನಾನು ಡಬ್ಬದಲ್ಲೇ ಬಿಡುತ್ತೇನೆ. ಕ್ಯಾನೊಪಿ ಮುಚ್ಚಿ, ಫೆವಿಕಾಲ್ ಹಚ್ಚಿ ಕೂರಿಸಿದರೆ ಒಳಗೆ ಬೆಲ್ಟ್ ಇದೆಯೋ ಇಲ್ಲವೋ ಯಾರು ಕೇಳುತ್ತಾರೆ? ಸೂಪರ್ ಗ್ಲೂ ಮಾತ್ರ ಬೇಡ, ಗಾಜು ಮಂಜಾಗುತ್ತದೆ.

ಅಟ್ಟದಿಂದ ಹಳೇ ನ್ಯಾಟ್ ಇಳಿಸಿದ್ದು ಹೋದ ತಿಂಗಳು. ಕಳೆದ ಬಾಗಿಲಿಗೆ ಬದಲಾಗಿ ಅರ್ಧ ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆಯಲ್ಲಿ ಒಂದನ್ನು ಕೊಯ್ದೆ. ಮೊದಲ ಮೂರು ಕೆಟ್ಟವು. ನಾಲ್ಕನೆಯದನ್ನು ಮೇಣದ ಕಡ್ಡಿಯಲ್ಲಿ ಎತ್ತಿ, ಮೊಣಕೈ ಊರಿ, ಉಸಿರು ಬಿಡುತ್ತಾ ಕೂರಿಸಿದೆ. ಸ್ವಲ್ಪ ಓರೆಯಾಗಿದೆ. ಹಾರಿಹೋದ ಬಾಗಿಲು ಇನ್ನೂ ಸಿಕ್ಕಿಲ್ಲ.