ರೇಡ್‌ನಲ್ಲಿ ಸತ್ತ ಡಿಸ್ಕ್ ಯಾವುದು?

ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿ 4 ಟಿಬಿಯ ಎರಡು ಡಿಸ್ಕ್ ಹಾಕಿ ರೇಡ್ 1 ಮಾಡಿಕೊಂಡಿದ್ದೆ, ಅಂದರೆ ಒಂದರಲ್ಲಿರುವುದೇ ಇನ್ನೊಂದರಲ್ಲೂ ಇರುವ ಜೋಡಿ. ಒಂದು ಕೈಕೊಟ್ಟಿತು. ಕ್ಯಾಬಿನೆಟ್ ಬಿಚ್ಚಿದರೆ ಎರಡೂ ಅವಳಿಜವಳಿ! ಸುಮ್ನೆ ಅಂದಾಜಿನಲ್ಲಿ ಕಿತ್ತು, ಚೆನ್ನಾಗಿದ್ದದ್ದೇ ಕೈಗೆ ಬಂದರೆ ಕಷ್ಟ ಅಲ್ವಾ? ಡಿಸ್ಕಿನ ಆರೋಗ್ಯ, ವಿವರ ತಿಳಿಸುವ ಸ್ಮಾರ್ಟ್‌ಸಿಟಿಎಲ್ ಕಮಾಂಡಿನಲ್ಲಿ ಕೇಳಿದರೂ ಸತ್ತದ್ದು ಉಸಿರೆತ್ತಲಿಲ್ಲ. ಅದರಲ್ಲೇ ಬದುಕಿದ್ದರ ಸೀರಿಯಲ್ ನಂಬರ್ ತೆಗೆದು, ಡಿಸ್ಕುಗಳ ಮೇಲಿನ ಚೀಟಿಗೆ ತಾಳೆ ನೋಡಿ, ಇನ್ನೊಂದನ್ನು ಕಿತ್ತೆ.

ಹೊಸದು ಬೇರೆ ಕಂಪನಿಯದು. ಅದೂ 4 ಟಿಬಿಯೇ, ಆದರೆ ಕೂದಲೆಳೆಯಷ್ಟು ಚಿಕ್ಕದು. ರೇಡ್ ಸೇರಿಸಿಕೊಳ್ಳಲಿಲ್ಲ. ಬ್ಯಾಕಪ್ ಇತ್ತು, ಪುಣ್ಯ. ಮೊದಲು ಫೈಲ್‌ಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್, ಆಮೇಲೆ ಅದರ ಕೆಳಗಿರುವ ರೇಡ್ ಅರೇ (ಡಿಸ್ಕುಗಳ ಜೋಡಿ), ಎರಡನ್ನೂ ಸ್ವಲ್ಪ ಕುಗ್ಗಿಸಿದ ಮೇಲೆ ಒಪ್ಪಿತು. ನಕಲು ಮುಗಿಯಲು ರಾತ್ರಿಯೆಲ್ಲ ಹಿಡಿಯಿತು.

ಈಗ ಎರಡೂ ಡಿಸ್ಕಿನ ಅಂಚಿಗೆ ಸೀರಿಯಲ್ ನಂಬರ್ ಬರೆದ ಟೇಪ್ ಅಂಟಿಸಿದ್ದೇನೆ. ಡಿಸ್ಕ್ ಕೆಟ್ಟರೆ ಮೇಲ್ ಬರುವಂತೆಯೂ ಮಾಡಿದ್ದೇನೆ.